ಪೈಥಾನ್ ಫೈಲಿಗೆ ‘ರ‍್ಯಾಂಡಮ್’ ಎಂದು ಹೆಸರಿಡಬೇಡಿ
ರ‍್ಯಾಂಡಮ್ ಮಾಡ್ಯೂಲನ್ನು (ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡು) ಇಂಪೋರ್ಟ್ ಮಾಡಿದರೂ ಅದರಲ್ಲಿ ರ‍್ಯಾಂಡ್‌ಇಂಟ್ ಎಂಬ ಫಂಕ್ಷನ್ ಇಲ್ಲವೆಂದು ಎರರ್ ಬರುತ್ತಿದೆಯೇ? ಪೈಥಾನನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುವ ಮೊದಲು ನಿಮ್ಮ ಫೈಲಿನ ಹೆಸರು ನೋಡಿ. ಅದಕ್ಕೂ ರ‍್ಯಾಂಡಮ್ ಎಂದೇ ಹೆಸರಿಟ್ಟಿದ್ದರೆ ತೊಂದರೆ ಅಲ್ಲೇ ಇದೆ. ಇಂತಹ ಮಾಡ್ಯೂಲಿಗಾಗಿ ಪೈಥಾನ್ ಮೊದಲು ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಿ; ಅಲ್ಲಿ ನಿಮ್ಮ ಫೈಲೇ ಸಿಕ್ಕಿಬಿಟ್ಟರೆ ಅಸಲಿ ಮಾಡ್ಯೂಲಿನ ತನಕ ಅದು ಹೋಗುವುದೇ ಇಲ್ಲ.

ಅನುಮಾನವಿದ್ದರೆ ಮಾಡ್ಯೂಲಿನ ಹೆಸರು, ಚುಕ್ಕಿ, ಎರಡು ಅಂಡರ್‌ಸ್ಕೋರ್, ಫೈಲ್, ಮತ್ತೆರಡು ಅಂಡರ್‌ಸ್ಕೋರ್ ಬರೆದು ಪ್ರಿಂಟ್ ಮಾಡಿ. ಲೋಡ್ ಆದ ಫೈಲ್ ಎಲ್ಲಿಯದು ಎಂದು ಗೊತ್ತಾಗುತ್ತದೆ. ಪೈಥಾನಿನ 3.13ನೇ ಆವೃತ್ತಿಯಿಂದ ಎರರ್ ಸಂದೇಶವೇ ಹೆಸರು ಬದಲಿಸಲು ಸೂಚಿಸುತ್ತದೆ (ಸಂದೇಶವನ್ನು ಕೊನೆಯವರೆಗೆ ಓದುವವರು ಕಡಿಮೆ, ಅದು ಬೇರೆ ಮಾತು). ಟರ್ಟಲ್, ಸಿಎಸ್‌ವಿ, ಇಮೇಲ್ ಎಂಬ ಮಾಡ್ಯೂಲ್‌ಗಳ ಹೆಸರುಗಳಿಗೂ ಇದೇ ಗತಿ.