ಆಂಟೆನಾ ಕಿತ್ತ ಮೇಲೂ ಅದು ‘ಎಫ್‌ಎಂ’ ಎಂದಿತು

ನಾನು ರೇಡಿಯೊ ಕಲಿತದ್ದು ಸಾಲ್ಡರಿಂಗ್ ಮಾಡುತ್ತಾ. ಬೇರೆ ಫ್ರೀಕ್ವೆನ್ಸಿ ಬೇಕೆಂದರೆ ಕಾಯಿಲ್ ಬಿಚ್ಚಿ ಮತ್ತೆ ಸುತ್ತಬೇಕಿತ್ತು. ಬೇರೆ ಮಾಡ್ಯುಲೇಶನ್ (ರೇಡಿಯೊ ಅಲೆಯ ಮೇಲೆ ಮಾಹಿತಿ ಹೇರುವ ವಿಧಾನ) ಬೇಕೆಂದರೆ ಸರ್ಕ್ಯೂಟನ್ನೇ ಹೊಸದಾಗಿ ಕಟ್ಟಬೇಕಿತ್ತು. ಮನಸ್ಸಿಗೆ ಬಂದ ಒಂದು ಐಡಿಯಾ ಸರಿಯೋ ತಪ್ಪೋ ಎಂದು ತಿಳಿಯಲು ಎರಡು ತಿಂಗಳು ಹಿಡಿದದ್ದೂ ಉಂಟು. ಈಗ ಅದೇ ಕೆಲಸ ಒಂದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೆ ತಪ್ಪು ಅಡಗಿ ಕೂರುವ ಜಾಗ ಬೇರೆಯಾಗಿದೆ. ಅದು ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ.

ರಿಸೀವರಿನ ಕೆಲಸವನ್ನು ಸಾಫ್ಟ್‌ವೇರ್ ಮಾಡಲಿ ಅನ್ನುವ ಯೋಚನೆ ಹಳೆಯದು. ಎಂಜಿನಿಯರ್ ಜೋಸೆಫ್ ಮಿಟೋಲಾ 1990ರ ದಶಕದ ಶುರುವಿನಲ್ಲೇ ‘ಸಾಫ್ಟ್‌ವೇರ್ ರೇಡಿಯೊ’ ಬಗ್ಗೆ ಬರೆದಿದ್ದರು. 2001ರಲ್ಲಿ ಗ್ನೂ ರೇಡಿಯೊ ಎಂಬ ಮುಕ್ತ ಸಾಫ್ಟ್‌ವೇರ್ ಶುರುವಾಯಿತು. ನನ್ನಂಥವರ ಮೇಜಿನ ಮೇಲೆ ಅದು ಬಂದು ಕೂತದ್ದು ಮಾತ್ರ 2012ರ ನಂತರ. ಟಿವಿ ನೋಡಲೆಂದು ಮಾಡಿದ್ದ ಯುಎಸ್‌ಬಿ ಡಾಂಗಲ್‌ಗಳಲ್ಲಿ ಆರ್‌ಟಿಎಲ್2832ಯು ಅನ್ನುವ ಚಿಪ್ ಇತ್ತು. ಅದರಿಂದ ಕಚ್ಚಾ ಸ್ಯಾಂಪಲ್‌ಗಳನ್ನೇ, ಅಂದರೆ ಸಿಗ್ನಲನ್ನು ಕ್ಷಣಕ್ಷಣಕ್ಕೂ ಅಳೆದ ಸಂಖ್ಯೆಗಳನ್ನೇ, ಕಂಪ್ಯೂಟರಿಗೆ ಎಳೆದುಕೊಳ್ಳಬಹುದು ಎಂದು ಹವ್ಯಾಸಿಗಳು ಪತ್ತೆ ಮಾಡಿದರು. ಅಲ್ಲಿಂದ ಮುಂದೆ ರಿಸೀವರ್ ಅಂದರೆ ಬರೀ ಪ್ರೋಗ್ರಾಮ್.

ಪ್ರತಿ ಸ್ಯಾಂಪಲ್‌ನಲ್ಲಿ ಐ ಮತ್ತು ಕ್ಯೂ ಎಂಬ ಎರಡು ಸಂಖ್ಯೆಗಳು. ಆ ಕ್ಷಣದಲ್ಲಿ ಅಲೆ ಎಷ್ಟು ದೊಡ್ಡದು, ಅದರ ಸುತ್ತಿನಲ್ಲಿ ಎಲ್ಲಿದೆ ಎಂಬುದನ್ನು ಇವೆರಡೂ ಸೇರಿ ಹೇಳುತ್ತವೆ. ಒಂದೊಂದೂ 8 ಬಿಟ್. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ತೆಗೆದರೆ 48 ಲಕ್ಷ ಬೈಟ್ ಆಯಿತು. ಒಂದು ನಿಮಿಷಕ್ಕೆ 288 ಎಂಬಿ. ಮೊದಲೆಲ್ಲ ಸಂಶೋಧನೆ ಮಾಡುವವರು ಒಬ್ಬರಿಗೊಬ್ಬರು ಸರ್ಕ್ಯೂಟ್ ತೋರಿಸುತ್ತಿದ್ದರು. ಈಗ ಇಂಥ ಫೈಲ್ ಕಳಿಸಿಕೊಳ್ಳುತ್ತಾರೆ. ಕಂಪ್ಯೂಟರಿನ ಶಕ್ತಿ ಜಾಸ್ತಿಯಾದದ್ದರಿಂದ ಹಳೆಯ ಗಣಿತಕ್ಕೂ ಮತ್ತೆ ಜೀವ ಬಂದಿದೆ. ದಾರಿಯಲ್ಲಿ ಕೆಟ್ಟ ಡೇಟಾವನ್ನು ಸರಿಪಡಿಸಲು ರಾಬರ್ಟ್ ಗ್ಯಾಲಗರ್ 1960ರ ದಶಕದ ಶುರುವಿನಲ್ಲಿ ಕಂಡುಹಿಡಿದ ಎಲ್‌ಡಿಪಿಸಿ ಕೋಡ್‌ಗಳು ಆಗಿನ ಕಂಪ್ಯೂಟರ್‌ಗಳಿಗೆ ಹೊರಲಾಗದಷ್ಟು ಭಾರವಾಗಿದ್ದವು. ಮೂರು ದಶಕ ಅವನ್ನು ಹೆಚ್ಚಿನವರು ಮರೆತೇ ಬಿಟ್ಟಿದ್ದರು. ಇವತ್ತು 5ಜಿಯಲ್ಲಿ ಡೇಟಾ ಹೋಗುವುದು ಅವುಗಳ ಮೇಲೆಯೇ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈಗ ನನ್ನ ಪ್ರಯೋಗಕ್ಕೆ ಬರುತ್ತೇನೆ. ಬಂದ ಸಿಗ್ನಲ್ ಯಾವ ಬಗೆಯದು ಎಂದು ತಾನೇ ಗುರುತಿಸುವ ಒಂದು ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮ್, ಮುಂದೆ ‘ಮಾಡೆಲ್’ ಎನ್ನುತ್ತೇನೆ) ಮಾಡಬೇಕಿತ್ತು. ಮಾಡ್ಯುಲೇಶನ್‌ನ ಐದು ಬಗೆ ಆರಿಸಿಕೊಂಡೆ: ಎಎಂ, ಎಫ್‌ಎಂ, ಮತ್ತೆ ಡಿಜಿಟಲ್ ಡೇಟಾ ಕಳಿಸುವ ಎಫ್‌ಎಸ್‌ಕೆ, ಬಿಪಿಎಸ್‌ಕೆ, ಕ್ಯೂಪಿಎಸ್‌ಕೆ. ಕೋಣೆಯ ಆ ತುದಿಯಲ್ಲಿ ಅನುಮತಿಯ ಮಿತಿಯೊಳಗಿನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟೆ, ಈ ತುದಿಯಲ್ಲಿ ರಿಸೀವರ್. ಒಂದೊಂದು ದಿನ ಒಂದೊಂದು ಬಗೆಯನ್ನು ರೆಕಾರ್ಡ್ ಮಾಡಿದೆ. ಫೈಲ್‌ಗಳನ್ನು 1,024 ಸ್ಯಾಂಪಲ್‌ಗಳ ತುಂಡು ಮಾಡಿ, ಎಲ್ಲವನ್ನೂ ಕಲಸಿ, ಒಂದು ಪಾಲನ್ನು ಕಲಿಸಲು, ಇನ್ನೊಂದು ಪಾಲನ್ನು ಪರೀಕ್ಷೆಗೆ ಇಟ್ಟುಕೊಂಡೆ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಉತ್ತರ ಸರಿ ಬಂತು.

ಒಂದು ಸಂಜೆ ಆಂಟೆನಾ ಕಿತ್ತು, ಆ ಜಾಗಕ್ಕೆ 50 ಓಮ್‌ನ ಲೋಡ್ (ಆಂಟೆನಾದ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿದೆ. ರಿಸೀವರಿನ ಸ್ವಂತ ನಾಯ್ಸ್, ಅಂದರೆ ಗದ್ದಲ, ಎಷ್ಟಿದೆ ಎಂದು ಅಳೆಯಬೇಕಿತ್ತು, ಅಷ್ಟೇ. ಸುಮ್ನೆ ಒಂದು ಸಲ ಅದೇ ರೆಕಾರ್ಡಿಂಗನ್ನು ಮಾಡೆಲ್‌ಗೂ ಕೊಟ್ಟೆ. ಪ್ರತಿ ತುಂಡಿಗೂ ‘ಎಫ್‌ಎಂ’ ಎಂದಿತು, ಅದೂ ಪೂರ್ತಿ ಖಾತ್ರಿಯಿಂದ. ಸಿಗ್ನಲ್ಲೇ ಇಲ್ಲದ ಕಡೆ ಎಫ್‌ಎಂ ಎಲ್ಲಿಂದ ಬರಬೇಕು?

ಎರಡು ದಿನ ಹುಡುಕಿದೆ. ಈ ಪ್ರಯೋಗಕ್ಕೆ ಬಳಸಿದ್ದು ಸಿಗ್ನಲನ್ನು ನೇರವಾಗಿ ಬೇಸ್‌ಬ್ಯಾಂಡಿಗೆ, ಅಂದರೆ ಸೊನ್ನೆ ಫ್ರೀಕ್ವೆನ್ಸಿಯ ಆಸುಪಾಸಿಗೆ, ಇಳಿಸುವ ರಿಸೀವರ್. ಇಂಥವುಗಳಲ್ಲಿ ಸ್ಪೆಕ್ಟ್ರಮ್‌ನ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಎಂದು ತೋರಿಸುವ ಚಿತ್ರದ) ನಡುಮಧ್ಯೆ ಒಂದು ಸಣ್ಣ ಮೊನೆ ಸದಾ ನಿಂತಿರುತ್ತದೆ. ಅದು ಗಾಳಿಯಿಂದ ಬಂದದ್ದಲ್ಲ, ರಿಸೀವರಿನ ಒಳಗೇ ಹುಟ್ಟುವ ಡಿಸಿ ಅಂಶ, ಅಂದರೆ ಏರಿಳಿತವಿಲ್ಲದ ಸ್ಥಿರ ವೋಲ್ಟೇಜ್. ಮೊದಲ ದಿನ ಎಫ್‌ಎಂ ರೆಕಾರ್ಡ್ ಮಾಡುವಾಗ ಸಿಗ್ನಲ್ ಮೇಲೆಯೇ ಟ್ಯೂನ್ ಮಾಡಿದ್ದೆ. ಮಾರನೆಯ ದಿನದಿಂದ ಒಳ್ಳೆಯ ಅಭ್ಯಾಸವೆಂದು ಸ್ವಲ್ಪ ಪಕ್ಕಕ್ಕೆ ಟ್ಯೂನ್ ಮಾಡಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಸಿಗ್ನಲನ್ನು ನಡುವಿಗೆ ಸರಿಸುತ್ತಿದ್ದೆ. ಹಾಗಾಗಿ ನಡುವಿನ ಮೊನೆ ಎಫ್‌ಎಂ ಫೈಲ್‌ಗಳಲ್ಲಿ ಮಾತ್ರ ಉಳಿದಿತ್ತು. ನಿಜವಾದ ಕ್ಯಾರಿಯರ್ (ಮಾಹಿತಿ ಹೊರುವ ಮೂಲ ಅಲೆ) ಅಷ್ಟು ಕರಾರುವಾಕ್ಕಾಗಿ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಫ್ರೀಕ್ವೆನ್ಸಿಯನ್ನು ನಿಗದಿ ಮಾಡುವ ಕ್ರಿಸ್ಟಲ್ ದಶಲಕ್ಷಕ್ಕೆ 20 ಭಾಗ ತಪ್ಪಿದರೂ ಸಾಕು, 433 ಮೆಗಾಹರ್ಟ್ಸ್‌ನಲ್ಲಿ ಎಂಟೂವರೆ ಕಿಲೊಹರ್ಟ್ಸ್‌ಗಿಂತ ಜಾಸ್ತಿ ಆಚೆ ಹೋಗುತ್ತದೆ. ಮಾಡೆಲ್ ಎಫ್‌ಎಂ ಕಲಿತಿರಲೇ ಇಲ್ಲ. ನನ್ನ ಮೊದಲ ದಿನದ ಟ್ಯೂನಿಂಗನ್ನು ಕಲಿತಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದೇ ರೆಕಾರ್ಡಿಂಗಿನ ಅಕ್ಕಪಕ್ಕದ ತುಂಡುಗಳು ಕಲಿಕೆಯಲ್ಲೂ ಇದ್ದವು, ಪರೀಕ್ಷೆಯಲ್ಲೂ ಇದ್ದವು. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ನಡೆಸಿದ ಹಾಗಾಯಿತು, ಅಲ್ವಾ? ಬೇರೆ ರಿಸೀವರಿನಿಂದ, ಬೇರೆ ದಿನ ಮಾಡಿದ ರೆಕಾರ್ಡಿಂಗ್ ಕೊಟ್ಟು ನೋಡಿದೆ. ಫಲಿತಾಂಶ ಕಣ್ಣು ಮುಚ್ಚಿ ಊಹಿಸಿದಷ್ಟಕ್ಕೇ ಇಳಿಯಿತು. ಐದು ಬಗೆ ಇದ್ದಾಗ ಊಹೆಯಿಂದಲೇ ನೂರಕ್ಕೆ 20 ಸರಿಯಾಗುತ್ತದೆ.

ಎಲ್ಲ ಫೈಲ್‌ಗಳನ್ನು ಪಕ್ಕಕ್ಕಿಟ್ಟು ಮತ್ತೆ ಶುರು ಮಾಡಿದೆ. ಐದೂ ಬಗೆಯನ್ನು ಪ್ರತಿದಿನವೂ ರೆಕಾರ್ಡ್ ಮಾಡಿದೆ, ಮೂರು ರಿಸೀವರಿನಲ್ಲಿ. ಕ್ರಿಸ್ಟಲ್ ಬಿಸಿಯಾಗುತ್ತಾ ಫ್ರೀಕ್ವೆನ್ಸಿ ಸರಿಯುತ್ತದೆ, ಹಾಗಾಗಿ ಅರ್ಧ ಗಂಟೆ ಆನ್ ಮಾಡಿಟ್ಟು ಆಮೇಲೆ ಕೆಲಸ ಶುರು. ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಿದೆ ಎಂಬುದು), ಫ್ರೀಕ್ವೆನ್ಸಿ, ಯಾವ ರಿಸೀವರ್, ಯಾವ ಆಂಟೆನಾ ಎಂಬುದೆಲ್ಲ ಪ್ರತಿ ಫೈಲ್ ಜೊತೆ ಬರೆದಿಟ್ಟೆ. ಇದಕ್ಕೆ ಸಿಗ್‌ಎಂಎಫ್ ಎಂಬ ಮುಕ್ತ ಫಾರ್ಮ್ಯಾಟ್ ಇದೆ, ದಯವಿಟ್ಟು ಬಳಸಿ. ಕಲಿಸುವಾಗ ಪ್ರತಿ ತುಂಡಿನ ಫ್ರೀಕ್ವೆನ್ಸಿ, ಫೇಸ್ (ಅಲೆ ತನ್ನ ಸುತ್ತಿನಲ್ಲಿ ಇರುವ ಜಾಗ), ಮಟ್ಟ ಮೂರನ್ನೂ ಮನಬಂದಂತೆ ಕದಲಿಸಿದೆ. ಒಂದು ರಿಸೀವರನ್ನು ಪೂರ್ತಿಯಾಗಿ ಪರೀಕ್ಷೆಗೆಂದೇ ತೆಗೆದಿಟ್ಟೆ. ಮಾಡೆಲ್ ಅದರ ಒಂದು ಸ್ಯಾಂಪಲನ್ನೂ ಮೊದಲು ನೋಡಿರಲಿಲ್ಲ.

ಸಂಖ್ಯೆ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ. ಆದರೆ ರಿಸೀವರ್ ಬದಲಿಸಿದರೂ ಕುಸಿಯಲಿಲ್ಲ. ಎಎಂ ಮತ್ತು ಎಫ್‌ಎಂ ನಡುವಿನ ಗೊಂದಲ ಮಾತ್ರ ಹೋಗಲೇ ಇಲ್ಲ. ತಪ್ಪಾದ ತುಂಡುಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಕಾರಣ ಸಿಕ್ಕಿತು. 1,024 ಸ್ಯಾಂಪಲ್ ಅಂದರೆ ಅರ್ಧ ಮಿಲಿಸೆಕೆಂಡೂ ಇಲ್ಲ. ಎಎಂ, ಎಫ್‌ಎಂನಲ್ಲಿ ಹೋಗುವ ಮಾತಿನ ನಡುವೆ ಉಸಿರು ಎಳೆಯುವ ಹೊತ್ತಿನಲ್ಲಿ ಎರಡರಲ್ಲೂ ಉಳಿಯುವುದು ಬರಿಯ ಕ್ಯಾರಿಯರ್. ಅಲ್ಲಿ ವ್ಯತ್ಯಾಸವೇ ಇಲ್ಲ. ಎಷ್ಟೇ ದೊಡ್ಡ ಮಾಡೆಲ್ ತಂದರೂ ಅದನ್ನು ಹುಡುಕಿ ತೆಗೆಯಲಾರದು. ತುಂಡಿನ ಉದ್ದವನ್ನು 50 ಮಿಲಿಸೆಕೆಂಡಿಗೆ ಏರಿಸಿದೆ. ಜೊತೆಗೆ ‘ಹೇಳಲಾಗದು’ ಅನ್ನುವ ಆರನೆಯ ಉತ್ತರವನ್ನೂ ಸೇರಿಸಿದೆ. ಈಗ ಆಂಟೆನಾ ಕಿತ್ತು ಕೇಳಿದರೆ ಅದು ಆ ಉತ್ತರವನ್ನೇ ಕೊಡುತ್ತದೆ.