ಸೈನಸ್ ಆಪರೇಷನ್: ಸಹಜ ದ್ವಾರ ಸಿಕ್ಕರೆ ಅರ್ಧ ಕೆಲಸ

ಮಂಡ್ಯ, ಕೆ.ಆರ್. ಪೇಟೆ ಕಡೆಯಿಂದ ಮೈಸೂರಿಗೆ ಬರುವ ಸೈನಸ್ (ಮೂಗಿನ ಸುತ್ತ ಎಲುಬಿನೊಳಗಿರುವ ಗಾಳಿಗೂಡು) ರೋಗಿಗಳ ಕೈಲಿ ಒಂದು ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಷ್ಟೋ ಸಲ ಅದು ನೆಗಡಿ ಜೋರಾಗಿದ್ದಾಗ ತೆಗೆಸಿದ್ದು. ಬರೀ ನೆಗಡಿಯಲ್ಲೂ ಸೈನಸ್ ಮಸುಕಾಗಿ ಕಾಣುತ್ತದೆ, ಆ ಫಿಲ್ಮ್ ನೋಡಿ ಆಪರೇಷನ್ ನಿರ್ಧರಿಸಲಾಗದು. ಮೂಗು ಕಟ್ಟುವುದು, ಸಿಂಬಳ ಸುರಿಯುವುದು ಅಥವಾ ಗಂಟಲಿಗೆ ಇಳಿಯುವುದು, ಮುಖದ ಭಾರ, ವಾಸನೆ ತಿಳಿಯದಿರುವುದು: ಇವುಗಳಲ್ಲಿ ಕನಿಷ್ಠ ಎರಡು 12 ವಾರ ದಾಟಿರಬೇಕು, ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರಿನಲ್ಲಿ ತೊಳೆಯುವುದು ಎರಡನ್ನೂ 6ರಿಂದ 8 ವಾರ ಸರಿಯಾಗಿ ಮಾಡಿಸಿ, ಆಮೇಲೂ ತಗ್ಗದಿದ್ದರೆ ಸ್ಕ್ಯಾನ್. ಬರೀ ತಲೆನೋವಿದ್ದು ಸ್ಕ್ಯಾನ್ ಶುಭ್ರವಾಗಿದ್ದರೆ ಅದು ಹೆಚ್ಚಾಗಿ ಮೈಗ್ರೇನ್, ಆಪರೇಷನ್ ಬೇಡ. ಒಂದೇ ಕಡೆ ಕೆಟ್ಟ ವಾಸನೆಯ ಕೀವು ಬರುತ್ತಿದ್ದರೆ ಮೇಲ್ದವಡೆಯ ಹಲ್ಲು ನೋಡಿ. ಕೊಳೆತ ಬೇರನ್ನು ಬಿಟ್ಟು ಸೈನಸ್ ಮಾತ್ರ ತೆರೆದರೆ ಕೀವು ನಿಲ್ಲುವುದಿಲ್ಲ.

ಟೇಬಲ್ ಮೇಲೆ ಮೊದಲ ಶತ್ರು ರಕ್ತ. ಮೂಗಿನೊಳಗೆ ದುರ್ಮಾಂಸ (ಪಾಲಿಪ್) ಬೆಳೆದವರಿಗೆ 5ರಿಂದ 7 ದಿನ ಮೊದಲೇ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತೇನೆ, ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ನೋಡಿಕೊಂಡು. ತಲೆಯ ಭಾಗ ಸುಮಾರು 15 ಡಿಗ್ರಿ ಮೇಲೆ. ರಕ್ತನಾಳ ಬಿಗಿಸುವ ಅಡ್ರಿನಲಿನ್‌ನಲ್ಲಿ ನೆನೆಸಿ ಹಿಂಡಿದ ಹತ್ತಿಪಟ್ಟಿ 10 ನಿಮಿಷ ಮೂಗಿನೊಳಗೆ, ಬಳಿಕ ಮಧ್ಯದ ಟರ್ಬಿನೇಟ್ ಎಂಬ, ಮೂಗಿನ ಪಕ್ಕದ ಗೋಡೆಯಿಂದ ಚಾಚಿದ ಎಲುಬಿನ ಮಡಿಕೆಯ ಬುಡದ ಮುಂದೆ 1:100000 ಅಡ್ರಿನಲಿನ್ ಬೆರೆಸಿದ, ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದು. ಹತ್ತಿಗೆ ಬಳಸುವ 1:1000 ದ್ರಾವಣ ಯಾವತ್ತೂ ಸಿರಿಂಜಿನಲ್ಲಿ ಇರಕೂಡದು. ತಪ್ಪಿ ಚುಚ್ಚಿದರೆ ಹೃದಯದ ಲಯವೇ ಕೆಡುತ್ತದೆ. ಅದು ಬಟ್ಟಲಲ್ಲಿರಲಿ, ಬಣ್ಣ ಹಾಕಿರಲಿ. ಕಣ್ಣುಗಳನ್ನು ಬಟ್ಟೆಯಿಂದ ಮುಚ್ಚಬೇಡಿ, ಅವು ಊದಿಕೊಳ್ಳುತ್ತಿರುವುದು ಸಹಾಯಕರಿಗೆ ಕಾಣುತ್ತಿರಬೇಕು.

ನನ್ನ ಮಟ್ಟಿಗೆ ಫಲಿತಾಂಶ ನಿರ್ಧಾರವಾಗುವುದು ಅನ್ಸಿನೇಟ್ ಎಂಬ ಕುಡುಗೋಲಾಕಾರದ ತೆಳು ಎಲುಬಿನಲ್ಲಿ. ಕೆನ್ನೆಯ ಸೈನಸ್‌ನ ಸಹಜ ದ್ವಾರ ಅಡಗಿರುವುದು ಇದರ ಹಿಂದೆ. ಬಾಲ್ ಪ್ರೋಬ್ ಎಂಬ ಗುಂಡುತುದಿಯ ಕಡ್ಡಿಯಿಂದ ಅಂಚನ್ನು ಮುಂದಕ್ಕೆ ಎಳೆದು, ಬ್ಯಾಕ್‌ಬೈಟರ್ ಎಂಬ ಹಿಮ್ಮುಖ ಇಕ್ಕಳದಿಂದ ಹಿಂದಿನಿಂದ ಮುಂದಕ್ಕೆ ಕತ್ತರಿಸುತ್ತೇನೆ. ಗಟ್ಟಿ ಎಲುಬು ತಾಕಿದೊಡನೆ ನಿಲ್ಲಬೇಕು. ಅದರಾಚೆ ಕಣ್ಣೀರಿನ ನಾಳವಿದೆ, ಅದು ಹರಿದರೆ ಕಣ್ಣಲ್ಲಿ ಸದಾ ನೀರು. ಸೈನಸ್ ಚಿಕ್ಕದಾಗಿ ಕುಸಿದಿದ್ದರೆ ಅನ್ಸಿನೇಟ್ ಕಣ್ಣಿನ ಗೋಡೆಗೇ ಅಂಟಿರುತ್ತದೆ. ಅಲ್ಲಿ ಮುಂದಿನಿಂದ ಚಾಕು ಹಾಕುವುದು ಅಪಾಯ.

ಈಗ ಓರೆಯಾಗಿ ನೋಡುವ 30 ಅಥವಾ 45 ಡಿಗ್ರಿ ಎಂಡೋಸ್ಕೋಪ್ (ಮೂಗಿನೊಳಗೆ ನೋಡುವ ದರ್ಶಕ ಕೊಳವೆ) ಬೇಕು. ನೇರ ನೋಡುವ 0 ಡಿಗ್ರಿಯಲ್ಲಿ ಸಲೀಸಾಗಿ ಕಾಣುವ ದುಂಡನೆಯ ತೂತು ಬಹುತೇಕ ಸಹಜ ದ್ವಾರವಲ್ಲ, ಉಪದ್ವಾರ. ಸೈನಸ್ ಒಳಗಿನ ಸಿಲಿಯಾ ಎಂಬ ಸೂಕ್ಷ್ಮ ರೋಮಗಳು ಲೋಳೆಯನ್ನು ಸಹಜ ದ್ವಾರದ ಕಡೆಗೇ ತಳ್ಳುತ್ತವೆ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯರು ಈ ದಾರಿಗಳನ್ನು ತೋರಿಸಿದ ಮೇಲೆಯೇ ಈ ಶಸ್ತ್ರಕ್ರಿಯೆ ಹುಟ್ಟಿದ್ದು. ಹಾಗಾಗಿ ಸಹಜ ದ್ವಾರ ಬಿಟ್ಟು ಅದರ ಹಿಂದುಗಡೆ ಎಷ್ಟು ದೊಡ್ಡ ಕಿಟಕಿ ತೆರೆದರೂ ಅದು ತೂಬು ಬಿಟ್ಟು ಏರಿಯಲ್ಲಿ ಕಂಡಿ ತೆಗೆದ ಹಾಗೆ. ಲೋಳೆ ಒಂದರಿಂದ ಹೊರಬಂದು ಇನ್ನೊಂದರಿಂದ ಒಳಹೋಗಿ ಸುತ್ತುತ್ತಲೇ ಇರುತ್ತದೆ. ಎರಡನ್ನೂ ಸೇರಿಸಿ ಒಂದೇ ಮಾಡಬೇಕು. ಎರಡನೇ ಆಪರೇಷನ್‌ಗೆ ಬರುವವರಲ್ಲಿ ಉಳಿದುಹೋದ ಅನ್ಸಿನೇಟ್ ತುಂಡನ್ನೇ ನಾನು ಮೊದಲು ಹುಡುಕುವುದು.

ಎರಡು ಕಣ್ಣುಗಳ ನಡುವಿನ ಎತ್ಮಾಯ್ಡ್ ಸೈನಸ್‌ನ ಪುಟ್ಟ ಗೂಡುಗಳನ್ನು ಕತ್ತರಿಸುವ ಇಕ್ಕಳದಿಂದ ತೆಗೆಯಬೇಕು, ಕಿತ್ತು ಎಳೆಯಬಾರದು; ಪೊರೆ ಸುಲಿದು ಎಲುಬು ಬರಿದಾದರೆ ಕಲೆಗಟ್ಟಿ ದ್ವಾರ ಮತ್ತೆ ಮುಚ್ಚುತ್ತದೆ. ತಿರುಗುತ್ತಾ ಕತ್ತರಿಸಿ ಹೀರುವ ಮೈಕ್ರೋಡಿಬ್ರೈಡರ್‌ನ ಬಾಯಿ ಕಣ್ಣಿನ ಕಡೆ ತಿರುಗಕೂಡದು. ಲೇಸರ್ ಕೇಳಿಕೊಂಡು ಬರುವವರಿದ್ದಾರೆ, ಇಲ್ಲಿ ಅದಕ್ಕೆ ದೊಡ್ಡ ಕೆಲಸವಿಲ್ಲ. ದ್ವಾರದಲ್ಲಿ ಊದಿಸಿ ಅದನ್ನು ಹಿಗ್ಗಿಸುವ ಬಲೂನ್ ಒಳ್ಳೆಯದೇ, ಆದರೆ ದುರ್ಮಾಂಸ ತುಂಬಿದ ಮೂಗಿಗಲ್ಲ.

ಉಳಿದರ್ಧ ರೋಗಿಯ ಮನೆಯಲ್ಲಿ ನಡೆಯುತ್ತದೆ. ಅರ್ಧ ಲೀಟರ್ ನೀರು, ಅಯೋಡಿನ್ ಇಲ್ಲದ ಉಪ್ಪು ಮಟ್ಟಸವಾಗಿ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಚಮಚ. ಕಾವೇರಿ ನಲ್ಲಿ ನೀರಾಗಲಿ ಬೋರ್‌ವೆಲ್ ನೀರಾಗಲಿ, ಕುದಿಸಿ ಆರಿಸಿದ್ದೇ ಆಗಬೇಕು. ಹಸಿ ನೀರಿನಲ್ಲಿ ಮಿದುಳಿಗೆ ಏರುವ ಅಮೀಬಾ ಇರಬಹುದು. ಮುಂದಕ್ಕೆ ಬಾಗಿ, ಬಾಯಿ ತೆರೆದು, ಉಗುರುಬೆಚ್ಚಗೆ ಒಂದೊಂದು ಹೊಳ್ಳೆಗೆ ಸುಮಾರು 200 ಮಿ.ಲೀ., ದಿನಕ್ಕೆ ಎರಡು ಸಲ. ಬಾಟಲಿ ಜೋರಾಗಿ ಹಿಂಡಿದರೆ ಕಿವಿ ನೋಯುತ್ತದೆ. ಉಪ್ಪು ಕಮ್ಮಿಯಾದರೆ ಮೂಗು ಉರಿಯುತ್ತದೆ. ಮೊದಲ ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ವಾರದ ಕೊನೆಗೆ ಹೆಕ್ಕಳೆ ತೆಗೆಯಲು ಬರಲೇಬೇಕು. ಆಗ ಎಳೆಯ ಅಂಟು ಸುಲಭವಾಗಿ ಬಿಡುತ್ತದೆ, ತಿಂಗಳು ಬಿಟ್ಟರೆ ಚಾಕುವೇ ಬೇಕು.

ದುರ್ಮಾಂಸದವರು ಸ್ಪ್ರೇ ನಿಲ್ಲಿಸಬಾರದು. ಆಲೆಮನೆಯ ಹೊಗೆ, ಭತ್ತದ ಒಕ್ಕಣೆಯ ದೂಳು, ಪಾರ್ಥೇನಿಯಂ ಕಳೆಯ ನಡುವೆ ದುಡಿಯುವವರು ಅವತ್ತೇ ಸಂಜೆ ಮೂಗು ತೊಳೆದುಕೊಳ್ಳಲಿ. ಬಾಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮಿದುಳಿನ ದ್ರವವಿರಬಹುದು, ನೆಗಡಿ ಅಂದುಕೊಂಡು ಸುಮ್ಮನಿರಬೇಡಿ. ಕಣ್ಣು ಊದಿ ಬಿಗಿದರೆ, ಎರಡೆರಡು ಕಂಡರೆ, ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಬನ್ನಿ.