ಅಮೃತಶಿಲೆಯಲ್ಲಿ ಹೂವು ಕೂರಿಸುವ ಕೆಲಸ: ನನ್ನ ಅನುಭವ

ಶಿವಾರಪಟ್ಟಣದಲ್ಲಿ ಕೃಷ್ಣಶಿಲೆಯ ಮೂರ್ತಿ ಕೆತ್ತಿ ಕೈ ಪಳಗಿದ ಮೇಲೆ ಪಚ್ಚೀಕಾರಿ, ಅಂದರೆ ಅಮೃತಶಿಲೆಯಲ್ಲಿ ಕುಳಿ ತೋಡಿ ಬಣ್ಣದ ಕಲ್ಲು ಕೂರಿಸುವ ಕೆಲಸ ಕಲಿಯಲು ಆಗ್ರಾಕ್ಕೆ ಹೋದೆ. ಆ ಆಸೆ ಹುಟ್ಟಿಸಿದ್ದು ಅಲ್ಲಿನ ಇತಿಮಾದ್-ಉದ್-ದೌಲಾ ಗೋರಿ. ನೂರ್‌ಜಹಾನ್ ತನ್ನ ತಂದೆಗಾಗಿ 1622ರಿಂದ 1628ರ ನಡುವೆ ಕಟ್ಟಿಸಿದ್ದು. ಅದರ ಹೊರಗೋಡೆಯ ಹೂಜಿ, ಸೈಪ್ರೆಸ್ ಮರ, ನಕ್ಷತ್ರಗಳೆಲ್ಲ ಕಲ್ಲಿನಲ್ಲಿ ಕೂರಿಸಿದ ಕಲ್ಲುಗಳೇ.

ಉಸ್ತಾದರು ಹೂವಿನ ಕೆಲಸ ಕೊಡಲಿಲ್ಲ. "ಮೊದಲು ಕುಳಿ ತೋಡೋದು ಕಲಿ ಬೇಟಾ" ಎಂದು ಒಡೆದ ಚಪ್ಪಡಿಗಳನ್ನು ಮುಂದಿಟ್ಟರು. ಅಮೃತಶಿಲೆ ಹರಳಿನ ಕಲ್ಲು. ಉಳಿಯನ್ನು ನೆಟ್ಟಗೆ ಹಿಡಿದು ಹೊಡೆದರೆ ಏಟು ಒಳಗಿಳಿದು ಬಿಳಿ ಕಲೆ ಕೂರುತ್ತದೆ, ಮೇಲೆ ಮೇಲೆ ಉಜ್ಜಿದರೆ ಹೋಗುವಂಥದ್ದಲ್ಲ. ಹಾಗಾಗಿ ಉಳಿ ವಾರೆಯಾಗಿರಬೇಕು, ಏಟು ಸಣ್ಣದಿರಬೇಕು. ಕುಳಿಯ ಅಂಚು ಕೂದಲೆಳೆಯಷ್ಟು ಸಿಡಿದರೂ ಆ ಜಾಗದಲ್ಲಿ ಅಂಟು ಕಾಣುತ್ತದೆ.

ನಿಜವಾದ ಕೆಲಸದಲ್ಲಿ ಎಸಳೇ ಮೊದಲು. ಕಾರ್ನೀಲಿಯನ್ ಎಂಬ ಕೆಂಪು ಕಲ್ಲು, ಅಫ್ಘಾನಿಸ್ತಾನದ ಬದಕ್ಷಾನಿನ ನೀಲಿ ಲಾಜವರ್ದ, ಹಸಿರು ಜೇಡ್ ಇವನ್ನು ತೆಳ್ಳಗೆ ಸೀಳಿ, ನೀರು ಬಿಡುತ್ತ ಕುರುಂದವೆಂಬ ಗಡಸು ಕಲ್ಲಿನ ಸಾಣೆಗೆ ಒತ್ತಬೇಕು. ಬಲಗೈ ಬಿಲ್ಲೆಳೆದು ಚಕ್ರ ತಿರುಗಿಸುತ್ತಿರುವಾಗ ಎಡಗೈ ಎಸಳಿಗೆ ರೂಪ ಕೊಡುತ್ತದೆ. ಒಂದೇ ಕಾರ್ನೀಲಿಯನ್ ತುಂಡಿನಲ್ಲಿ ತಿಳಿಗೆಂಪೂ ಇರುತ್ತದೆ, ಕಡುಗೆಂಪೂ ಇರುತ್ತದೆ. ಎಸಳಿನ ಬುಡಕ್ಕೆ ಯಾವುದು, ತುದಿಗೆ ಯಾವುದು ಎಂದು ಬೆಳಕಿಗೆ ಹಿಡಿದು ಆರಿಸುವುದು ನನಗೆ ಈಗಲೂ ಅತಿ ಇಷ್ಟದ ಕೆಲಸ. ತಾಜ್‌ಮಹಲಿನ ಸಮಾಧಿಗಳ ಮೇಲೆ ಒಂದೇ ಹೂವಿಗೆ ಹತ್ತಾರು ಚೂರು ಸೇರಿದ್ದೂ ಈ ನೆರಳು-ಬೆಳಕಿಗಾಗಿಯೇ.

ಆಮೇಲೆ ಚಪ್ಪಡಿಗೆ ಕೆಂಪು ಬಳಿದು, ಎಸಳನ್ನಿಟ್ಟು ಸುತ್ತ ಗೀರುತ್ತೇವೆ. ಕೆಂಪಿನ ನಡುವೆ ಬಿಳಿ ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ಒಳಗೇ ಕುಳಿ ತೋಡಿ, ಇಟ್ಟು ನೋಡಿ, ಮತ್ತೆ ಕೆರೆದು, ಎಸಳು ಬಿಗಿಯಾಗಿ ಕೂತ ಮೇಲಷ್ಟೇ ಅಂಟು. ಯಂತ್ರದಲ್ಲಿ ಕೊರೆದ ಕುಳಿಗೆ ಸಡಿಲ ಚೂರು ಹಾಕಿ, ಸಂದಿಗೆ ಬಣ್ಣದ ಅಂಟು ತುಂಬುವುದನ್ನು ನಾನು ಪಚ್ಚೀಕಾರಿ ಎನ್ನಲಾರೆ.

ಕೊನೆಯ ಹೊಳಪೇ ಎಲ್ಲಕ್ಕಿಂತ ಕಷ್ಟ. ಮೋಹ್ಸ್ ಮಾಪಕದಲ್ಲಿ ಅಮೃತಶಿಲೆಯ ಗಡಸುತನ 3, ಕಾರ್ನೀಲಿಯನ್ನಿನದು ಸುಮಾರು 7. ಬಟ್ಟೆಯಿಂದ ಉಜ್ಜಿದರೆ ಮೆದು ಕಲ್ಲು ಬೇಗ ಸವೆದು ಎಸಳು ಉಬ್ಬಿ ನಿಲ್ಲುತ್ತದೆ. ಅದಕ್ಕೇ ಚಪ್ಪಟೆಯಾದ ಗಟ್ಟಿ ಕುರುಂದದ ಬಿಲ್ಲೆಯಿಂದ ಎರಡನ್ನೂ ಒಟ್ಟಿಗೆ ತೇಯಬೇಕು. ನಡುನಡುವೆ ಒರೆಸಿ, ಸಂದಿಯ ಮೇಲೆ ಉಗುರು ಎಳೆದು ನೋಡುತ್ತೇನೆ. ಎಲ್ಲಾದರೂ ತಡೆದರೆ ಮತ್ತೆ ನೀರು ಹಾಕಿ ತೇಯುತ್ತೇನೆ.